ಒಂಬತ್ತನೇ ಸಾಲು

ಜುಲೈ 28, ಸೋಮವಾರ

ಬೆಳಗಿನ ಪೇಪರ್ ಬಂಡಲ್ ಐದೂ ಇಪ್ಪತ್ತಕ್ಕೆ ಬಂತು, ಹದಿನೈದು ನಿಮಿಷ ತಡ. ಹುಮನಾಬಾದಿನ ನನ್ನ ಇನ್ನೂರ ಹತ್ತು ಮನೆಗಳಿಗೆ ಹಾಕಿ ಮುಗಿಸಿ ಹತ್ತು ಗಂಟೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋದೆ. ಸ್ಮಾರಕ ಸಮಿತಿಯ ಸಭೆ. ಸಮಿತಿಗೆ ಅಧ್ಯಕ್ಷ ಶೈಲೇಶ, ವಯಸ್ಸು 41, ಬರುವ ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಲ್ಲುವವನು. ಅವ್ವನ ತವರೂರಿನ ಚಾವಡಿ ಮುಂದೆ ಕರಿಕಲ್ಲು ನಿಲ್ಲಿಸಿ, 1948ರಲ್ಲಿ ಆ ಊರಿನಲ್ಲಿ ಪ್ರಾಣ ಕಳೆದುಕೊಂಡವರ ಹೆಸರು ಕೆತ್ತಿಸುತ್ತಾರೆ. ನಿಜಾಮನ ಆಳ್ವಿಕೆ ಮುಗಿದ ದಿನ ಸೆಪ್ಟೆಂಬರ್ 17ಕ್ಕೆ ಅನಾವರಣ. ಹೆಸರು ಕೂಡಿಸುವ ಕೆಲಸ ನನಗೆ ಬಂತು.

‘ಅಂಬಾದಾಸ ಕಾಕಾ, ಇಪ್ಪತ್ತಾರು ವರ್ಷ ಪೇಪರಿಗೆ ಬರದೀರಿ. ನೀವು ಬರದದ್ದನ್ನ ಯಾರೂ ಸುಳ್ಳು ಅನ್ನಂಗಿಲ್ಲ’ ಎಂದ ಶೈಲೇಶ.

ಹೆಸರು, ವಯಸ್ಸು, ಊರು. ಈ ಮೂರೂ ಇಲ್ಲದ ಸಾವಿನ ಸುದ್ದಿಯನ್ನು ನಾನು ಎಂದೂ ಕಳಿಸಿಲ್ಲ. ಇದನ್ನೂ ಹಾಗೇ ಮಾಡುತ್ತೇನೆ.

ಸಂಜೆ ಅವ್ವನಿಗೆ ಹೇಳಿದೆ. ಅವಳಿಗೀಗ 85, ಎರಡೂ ಕಣ್ಣು ಹೋಗಿವೆ. ಕುರ್ಚಿಯನ್ನು ಎಂದಿನಂತೆ ಎರಡು ಸಲ ಬಡಿದು, ಸ್ವಲ್ಪ ಹೊತ್ತು ಕಾದು, ಆಮೇಲೆ ಕೂತಳು. ಹೊರಸಾಗಲಿ, ಬಸ್ಸಿನ ಸೀಟಾಗಲಿ, ಹೀಗೆ ಬಡಿಯದೆ ಅವಳು ಕೂರುವುದಿಲ್ಲ. ‘ಅಜ್ಜೀ, ಒಳಗ ಯಾರರೆ ಅದಾರೇನ?’ ಎಂದು ನನ್ನ ಮಗಳು ಪ್ರಣಿತಾ ದಿನವೂ ಚಾಷ್ಟಿ ಮಾಡುತ್ತಾಳೆ.

‘ಸತ್ತವರೆಲ್ಲಾರ ಹೆಸರೂ ಬರಿತಾರೇನೋ?’

‘ಎಲ್ಲಾರದೂ ಬರಿತಾರವ್ವ.’

‘ವಜೀರಬೀದು? ಆಕಿ ಮಕ್ಕಳದು?’

ಬರೆಸುತ್ತೇನೆ ಎಂದೆ. ಅವ್ವ ನನ್ನ ಕೈ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಆಣೆ ಅಂದರೆ ಆಣೆ.

ಜುಲೈ 30, ಬುಧವಾರ

ಗೊತ್ತಿರುವುದನ್ನು ಒಂದೆಡೆ ಬರೆದಿಡುತ್ತೇನೆ. 1948ರ ಆಷಾಢದಲ್ಲಿ ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರು ಊರಿಗೆ ನುಗ್ಗಿ ಎಂಟು ಮಂದಿಯನ್ನು ಕೊಂದರು. ಆ ದಿನ ಪಕ್ಕದ ಮನೆಯ ವಜೀರಬಿ, ಎಂಟು ವರ್ಷದ ನನ್ನ ಅವ್ವನನ್ನೂ ಅವಳ ತಾಯಿಯನ್ನೂ ತನ್ನ ಮನೆಯ ಹಗೇವಿನಲ್ಲಿ ಇಳಿಸಿ ಉಳಿಸಿದಳು. ಹಗೇವು ಅಂದರೆ ಜೋಳ ತುಂಬಿಡುವ ನೆಲದಡಿಯ ಗುಂಡಿ. ಆಳು ಇಳಿಯುವಷ್ಟೇ ಬಾಯಿ, ಮೇಲೊಂದು ಪರಸಿಕಲ್ಲು. ಎರಡು ತಿಂಗಳ ಮೇಲೆ ದಿಲ್ಲಿಯ ಸೈನ್ಯ ಬಂತು, ನಿಜಾಮ ಸೋತ. ಸೇಡು ಊರಿನ ಮುಸಲ್ಮಾನರ ಮೇಲೆ ತಿರುಗಿತು. ವಜೀರಬಿ ಮತ್ತು ಮೂರು ಮಕ್ಕಳು ಸತ್ತರು. ಹೇಗೆ ಎಂದು ಮನೆಯಲ್ಲಿ ಯಾರೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ.

ಆಗಸ್ಟ್ 1, ಶುಕ್ರವಾರ

ವಜೀರಬಿಯ ತಮ್ಮ ಖಮರುದ್ದೀನ್ ಚಾಚಾ ಇಲ್ಲೇ ಹಳೇ ಬಜಾರಿನಲ್ಲಿ ಟೇಲರ್. ವಯಸ್ಸು 88. ಆ ವರ್ಷ ಹನ್ನೊಂದರ ಹುಡುಗ, ಹೊಲಿಗೆ ಕಲಿಯಲು ಹುಮನಾಬಾದಿಗೆ ಬಂದಿದ್ದರಿಂದ ಉಳಿದವರು. ಈಗ ಮಷೀನು ತುಳಿಯುವುದಿಲ್ಲ, ಅಂಗಡಿಯಲ್ಲಿ ಕೂತಿರುತ್ತಾರೆ. ಮೊಮ್ಮಗಳು ಅರ್ಷಿಯಾ ಶಾಲೆ ಬಿಟ್ಟ ಮೇಲೆ ಚಹಾ ತರುತ್ತಾಳೆ. ಅವಳು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ಮೇಡಂ.

‘ಈ ಅಂಗಿ ಯಾರು ಹೊಲದಾರೋ ಬೇಟಾ? ಒಂದು ತೋಳು ಹುಮನಾಬಾದಿಗೆ, ಒಂದು ತೋಳು ಕಲ್ಯಾಣಕ್ಕ ಹೊಂಟದ’ ಎಂದು ನಕ್ಕರು. ವಿಷಯ ಹೇಳಿದ ಮೇಲೆ ನಗು ನಿಂತಿತು.

‘ಕಲ್ಲಿನ ಮ್ಯಾಲ? ನಮ್ಮ ಆಪಾಳ ಹೆಸರು?’

‘ಹೌದ್ರಿ ಚಾಚಾ.’

ಬಟ್ಟೆಯ ತುಂಡಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ಉರ್ದುವಿನಲ್ಲಿ ನಾಲ್ಕು ಹೆಸರು ಬರೆದರು. ಕನ್ನಡ ಓದಲು ಬರೆಯಲು ಅವರಿಗೆ ಬರುವುದಿಲ್ಲ. ಅರ್ಷಿಯಾ ನನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು. ವಜೀರಬಿ, 30. ಮೀನಾಜ್, 9. ಬಂದೇನವಾಜ್, 5. ರಾಬಿಯಾ, 2.

‘ನಿಮ್ಮ ಸಟವಾಜಿ ಅಜ್ಜ ಫರಿಶ್ತಾ ಇದ್ದ’ ಎಂದರು ಚಾಚಾ. ಫರಿಶ್ತಾ ಅಂದರೆ ದೇವದೂತ, ಸಟವಾಜಿ ಅಂದರೆ ಅವ್ವನ ಅಪ್ಪ. ‘ಆಪಾನ್ನ, ಕೂಸುಗಳನ್ನ ತನ್ನ ಹಗೇವಿನ್ಯಾಗ ಮುಚ್ಚಿಟ್ಟಿದ್ದ. ದುಷ್ಮನ್‌ರು ಎಳಕೊಂಡು ಹೋಗಿ ಕೊಂದ್ರು ಅಂತ ಅವನೇ ಅಳಕೋತ ಹೇಳಿದ. ಎಪ್ಪತ್ತೇಳು ವರ್ಷ ಆತು, ನಮಾಜಿನ್ಯಾಗ ಅವಂಗೂ ದುವಾ ಮಾಡ್ತೀನಿ.’

ಈ ಮಾತು ನನಗೆ ಹೊಸದು. ಸಂತೋಷವಾಯಿತು. ಅವ್ವನಿಗೆ ಹೇಳಿದೆ. ಅವಳು ರೊಟ್ಟಿಯ ತಾಟನ್ನು ಆಚೆ ಸರಿಸಿದಳು.

ಆಗಸ್ಟ್ 4, ಸೋಮವಾರ

ಯಾದಿ ಮುಗಿಯಿತು. ಹನ್ನೆರಡು ಹೆಸರು: ರಜಾಕಾರರ ದಾಳಿಯಲ್ಲಿ ಎಂಟು, ಸೈನ್ಯ ಬಂದ ಮೇಲೆ ನಾಲ್ಕು. ಎಲ್ಲಕ್ಕೂ ವಯಸ್ಸಿದೆ. ಸಮಿತಿಗೆ ಕೊಟ್ಟು ಬಂದೆ. ಬಹಳ ವರ್ಷಗಳ ನಂತರ ಸುದ್ದಿಯ ಮೇಲೆ ನನ್ನ ಹೆಸರು ಹಾಕಿ ಬೈಲೈನ್ ಬಂದ ದಿನದ ಹಾಗೆ ಅನ್ನಿಸಿತು.

ಆಗಸ್ಟ್ 11, ಸೋಮವಾರ

ಶೈಲೇಶ ಕರೆಸಿದ. ಯಾದಿಯ ಕೆಳಗಿನ ನಾಲ್ಕು ಹೆಸರಿನ ಮೇಲೆ ಪೆನ್ನಿಟ್ಟುಕೊಂಡು ಕೂತಿದ್ದ.

‘ಇವು ಯಾಕ ಬಂದಾವ್ರಿ ಕಾಕಾ?’

‘ಆ ವರ್ಷ ಊರಾಗ ಸತ್ತವರ ಹೆಸರು ಕೇಳಿದ್ದಿ.’

‘ಸತ್ತವರು ಬ್ಯಾರೆ, ಹುತಾತ್ಮರು ಬ್ಯಾರೆ. ಆಕಿ ಗಂಡ ರಜಾಕಾರ್ ಇದ್ದ ಅಂತಾರ.’

‘ಅವ ಹೈದರಾಬಾದಿಗೆ ಓಡಿಹೋಗಿದ್ದ. ಎರಡು ವರ್ಷದ ಕೂಸು ಏನು ಮಾಡಿತ್ತಪ?’

‘ನಾ ಅಂದೇನೇನು? ಜನ ಅಂತಾರ. ಕಲ್ಲು ನಿಲ್ಲಿಸೋದು ಜನ, ವೋಟ್ ಹಾಕೋದೂ ಜನ.’ ಚಹಾ ತರಿಸಿದ. ಹೊರಡುವಾಗ ಬಾಗಿಲ ತನಕ ಬಂದು ಭುಜದ ಮೇಲೆ ಕೈ ಇಟ್ಟ. ‘ಪ್ರಣಿತಾ ಹ್ಯಾಂಗ ಅದಾಳ್ರಿ? ತಾಲೂಕಾ ಪಂಚಾಯ್ತಿ ಆಫೀಸಿನ್ಯಾಗ ಆಕಿ ಕಾಂಟ್ರಾಕ್ಟ್ ಮುಂದಿನ ತಿಂಗಳ ಮುಗೀತದ ಅಲ್ಲ?’

ಮುಗಿಯುತ್ತದೆ, ಸೆಪ್ಟೆಂಬರ್ 10ಕ್ಕೆ. ಅವನಿಗೆ ಹೇಗೆ ಗೊತ್ತೆಂದು ಕೇಳಲಿಲ್ಲ. ನಾಲ್ಕು ಹೆಸರು ತೆಗೆಯುವುದಿಲ್ಲ ಎಂದು ಹೇಳಿಯೇ ಬಂದೆ.

ಆಗಸ್ಟ್ 16, ಶನಿವಾರ

ಎಲ್ಲರ ಮೊಬೈಲಿನಲ್ಲಿ ನನ್ನ ಫೋಟೊ. ‘ರಜಾಕಾರರ ಹೆಸರು ಕೆತ್ತಿಸಲು ಹೊರಟ ಪತ್ರಕರ್ತ’ ಎಂದು ಕೆಳಗೆ ಬರಹ. ಫೋಟೊ ನಾಲ್ಕು ವರ್ಷದ ಹಿಂದಿನದು, ಪ್ರೆಸ್ ಸಂಘದ ಸನ್ಮಾನದ್ದು, ಶಾಲು ಹೊದ್ದಿದ್ದೇನೆ. ಬೆಳಿಗ್ಗೆ ಮೂವತ್ತೇಳು ಮನೆಯವರು ಪೇಪರ್ ಬೇಡ ಎಂದರು. ಒಬ್ಬರು ಮಾತ್ರ ಕಾರಣ ಹೇಳಿದರು: ‘ನೀವು ಹಾಕಿದ ಪೇಪರ್ ಮುಟ್ಟಬಾರದು ಅನಸ್ತದ್ರಿ.’

ಆಗಸ್ಟ್ 19, ಮಂಗಳವಾರ

ಪೇಪರ್ ನಿಲ್ಲಿಸಿದ್ದು ಈಗ ಐವತ್ತೆರಡು ಮನೆ. ಮಳೆ ಬಿಡುತ್ತಿಲ್ಲ. ಹೊಲದಲ್ಲಿ ಉದ್ದು ಕೊಳೆಯುತ್ತಿದೆ ಎಂಬ ಸುದ್ದಿ ಮೂರನೇ ಪುಟದಲ್ಲಿದೆ. ರೈತರ ಹೆಸರಿಲ್ಲ.

ಆಗಸ್ಟ್ 24, ಭಾನುವಾರ

ಮಧ್ಯಾಹ್ನ ಅವ್ವ ಕೇಳಿದಳು, ಕಲ್ಲು ಕೆತ್ತಾಕ ಸುರು ಮಾಡ್ಯಾರೇನು ಎಂದು. ಸ್ವಲ್ಪ ತೊಂದರೆ ಇದೆ ಎಂದೆ. ವಜೀರಬಿಯನ್ನು ಎಳೆದೊಯ್ದು ಕೊಂದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಆ ಊರಲ್ಲಿದ್ದಾರೆ, ಅದಕ್ಕೆ ಹಿಂಜರಿಯುತ್ತಾರೆ ಎಂದೆ.

‘ಆಕಿನ್ನ ಯಾರೂ ಎಳಕೊಂಡು ಹೋಗಲಿಲ್ಲೋ ಅಂಬಾದಾಸ’ ಎಂದಳು.

ಅವಳು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಊರಿನವರು ಕೊಡಲಿ ಹಿಡಿದು ಬರುತ್ತಿದ್ದಾರೆ ಎಂದು ತಿಳಿದು ವಜೀರಬಿ ಮಕ್ಕಳನ್ನು ಕರೆದುಕೊಂಡು ಸಟವಾಜಿಯ ಅಂಗಳಕ್ಕೆ ಓಡಿ ಬಂದಳು. ಸೂರ್ಯ ನೆತ್ತಿಯ ಮೇಲಿದ್ದ. ಸಟವಾಜಿ ತನ್ನ ಹಗೇವಿನ ಕಲ್ಲು ಸರಿಸಿ ನಾಲ್ವರನ್ನೂ ಇಳಿಸಿದ. ವಜೀರಬಿಯ ಹಗೇವು ವರ್ಷಗಳಿಂದ ಖಾಲಿ ಇದ್ದದ್ದು, ಅದರಲ್ಲಿ ಗಾಳಿ ಇತ್ತು. ಸಟವಾಜಿಯದು ಆಷಾಢದಿಂದ ಬಾಯಿ ತೆರೆಯದ್ದು, ತಳದಲ್ಲಿ ಮಳೆಗೆ ನೆಂದ ಜೋಳ. ಅಂಥ ಹಗೇವಿಗೆ ಯಾರೂ ತಟ್ಟನೆ ಇಳಿಯುವುದಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಒಳಗೆ ಕೆಟ್ಟ ಗಾಳಿ. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆ ದಿನ ಕಂದೀಲು ಇಳಿಸಲು ಹೊತ್ತಿರಲಿಲ್ಲ.

‘ಮ್ಯಾಲ ಪರಸಿಕಲ್ಲು ಮುಚ್ಚಿದ. ಅದರ ಮ್ಯಾಲ ಕೌದಿ ಹಾಸಿ ನನಗ ಕುಂದ್ರಿಸಿದ. ಗಿರಿಜಾ, ಚೌಕಾಬಾರಾ ಆಡಕೋತ ಕುಂದ್ರು, ಏಳಬ್ಯಾಡ ಅಂದ. ಅವರು ಬಂದ್ರು, ಹುಡಿಕ್ಯಾಡಿದ್ರು. ಆಮ್ಯಾಲ ಹೋಗಲಿಲ್ಲೋ, ಅಲ್ಲೇ ಕುಂತು ಬಿಟ್ರು. ಅಪ್ಪ ಅವರಿಗೆ ನೀರು ಬೆಲ್ಲ ಕೊಟ್ಟ. ಕೆಳಗ ಬಡಿಯಾಕತ್ರು. ನಂಗಷ್ಟೇ ಗೊತ್ತಾಗ್ತಿತ್ತು. ತೊಡಿಗೆ ತಾಗ್ತಿತ್ತು. ಮೊದಲು ದೊಡ್ಡ ಕೈ. ಆಮ್ಯಾಲ ಸಣ್ಣ ಕೈ, ಎರಡು ಸಲ. ಮೀನಾಜಳದು ಇರಬೇಕು. ನಾನೂ ಆಕಿನೂ ಜೋಡಿ ಆಡವ್ರು. ನಾ ಅಪ್ಪನ ಮಾರಿ ನೋಡಿದೆ. ಅವಂಗೆ ತಿಳೀತು. ಅವ ಬೆಲ್ಲ ಒಡಿಯಾಕತ್ತಿದ್ದ. ಕಣ್ಣಾಗೇ ಕುಂದ್ರು ಅಂದ.’

‘ಎಷ್ಟು ಹೊತ್ತವ್ವ?’

‘ದನ ಬರೋ ತನಕ.’

ಅಂದರೆ ಐದು ತಾಸಿಗಿಂತ ಹೆಚ್ಚು. ಜನ ಹೋದ ಮೇಲೆ ಸಟವಾಜಿ ಕಲ್ಲು ಸರಿಸಿದ. ಆಗ ಕಂದೀಲು ಕಟ್ಟಿ ಇಳಿಸಿದ. ಅರ್ಧಕ್ಕೇ ಆರಿತು. ಮತ್ತೆ ಹಚ್ಚಿ ಇಳಿಸಿದ, ಮತ್ತೆ ಆರಿತು. ಮೂರನೇ ಸಲ ಹಚ್ಚಲಿಲ್ಲ. ಕಲ್ಲು ಮುಚ್ಚಿ ಮಣ್ಣು ಮೆತ್ತಿದ. ಆ ಹಗೇವನ್ನು ಮತ್ತೆ ತೆರೆಯಲಿಲ್ಲ. ಈಗ ಅದರ ಮೇಲೆ ಮಾವಂದಿರ ಕೊಟ್ಟಿಗೆ ಇದೆ.

‘ಅವರು ಹೊರಗ ಬಂದಿದ್ರ ಕಡಿತಿದ್ರು ಅವ್ವ. ಅಜ್ಜ ಏನು ಮಾಡಬೇಕಿತ್ತು?’ ಎಂದೆ.

‘ಅದು ನನಗೇನು ಗೊತ್ತೋ. ನಾ ಏಳಲಿಲ್ಲ. ಅಷ್ಟೇ ಗೊತ್ತು.’

ಆಗಸ್ಟ್ 25, ಸೋಮವಾರ

ನಿನ್ನೆ ಬರೆದದ್ದನ್ನು ಓದಿದೆ. ಒಂದೇ ಮೂಲದ ಮಾಹಿತಿ. ಹೇಳಿದವರಿಗೆ ಆಗ ಎಂಟು ವರ್ಷ, ಈಗ ಎಂಬತ್ತೈದು. ಬೇರೆ ಸಾಕ್ಷಿ ಇಲ್ಲ. ಪೇಪರಿನಲ್ಲಾದರೆ ಡೆಸ್ಕಿನವರು ವಾಪಸು ಕಳಿಸುತ್ತಿದ್ದರು.

ಚಾಚಾಗೆ ಹೇಳಬೇಕೇ? ದೃಢಪಡದ ಸಂಗತಿಯನ್ನು ಆ ವಯಸ್ಸಿನವರಿಗೆ ಹೇಳುವುದು ಸರಿಯಲ್ಲ.

ಆಗಸ್ಟ್ 29, ಶುಕ್ರವಾರ

ಅರ್ಷಿಯಾ ಮನೆಗೆ ಬಂದಿದ್ದಳು. ಒಳಗೆ ಬರಲಿಲ್ಲ. ಅಂಗಡಿಯ ಬೋರ್ಡಿಗೆ ಯಾರೋ ಡಾಂಬರು ಬಳಿದಿದ್ದಾರೆ. ಗಣಪತಿ ಮೆರವಣಿಗೆ, ಈದ್ ಮಿಲಾದ್ ಒಂದರ ಹಿಂದೊಂದು ಇರುವುದರಿಂದ ಪೊಲೀಸರು ಅಂಗಡಿ ಮುಚ್ಚಿಕೊಂಡಿರಿ ಎಂದಿದ್ದಾರೆ.

‘ದಾದಾ ಹೊಸ ಶೇರ್ವಾನಿ ಹೊಲ್ಯಾಕತ್ತಾರ್ರಿ ಕಾಕಾ’ ಎಂದಳು. ‘ಕಣ್ಣು ಕಾಣಂಗಿಲ್ಲ, ಬಟ್ಟಿನ್ಯಾಗ ಸೂಜಿ ಚುಚ್ಚಿಕೊಂಡಾರ. ಕಲ್ಲು ನೋಡಾಕ ಹಾಕ್ಕೊಂಡು ಹೋಗ್ತಾರಂತ. ಆಗೋದಿದ್ರ ಆಗ್ತದ ಅನ್ರಿ. ಇಲ್ಲಂದ್ರ ಇವತ್ತೇ ಬಂದು ಇಲ್ಲ ಅನ್ರಿ. ಆಸೆ ಹಚ್ಚಬ್ಯಾಡ್ರಿ.’

‘ನಾ ಪ್ರಯತ್ನ ಮಾಡಾಕತ್ತೇನವಾ.’

‘ಪೇಪರ್‌ನವರು ಹಂಗೇ ಬರಿತೀರಿ. ಪ್ರಯತ್ನ ನಡದದ, ತನಿಖೆ ನಡದದ.’

ಮಾತು ಸ್ವಲ್ಪ ಒರಟಾಯಿತು ಅನ್ನಿಸಿತು. ಆ ಟೇಲರ್ ಕುಟುಂಬಕ್ಕೆ ಈ ವಿಷಯದಿಂದ ತೊಂದರೆಯಾಗುತ್ತಿರುವುದನ್ನೂ ಗಮನಿಸಬೇಕು. ಅವರ ಹಿತದೃಷ್ಟಿಯಿಂದ ಯೋಚಿಸಿದರೆ ಹೆಸರು ಬಾರದಿರುವುದೇ ಒಳ್ಳೆಯದೇನೋ.

ಸೆಪ್ಟೆಂಬರ್ 3, ಬುಧವಾರ

ಪ್ರಣಿತಾಳ ಆಫೀಸಿನಲ್ಲಿ ಹನ್ನೊಂದು ಮಂದಿಯ ಕಾಂಟ್ರಾಕ್ಟ್ ಮುಂದುವರಿದಿದೆ. ಹನ್ನೆರಡನೆಯದು ಅವಳದು, ಫೈಲು ಮೇಲೆ ಹೋಗಿದೆ ಎನ್ನುತ್ತಾರಂತೆ. ಊಟ ಮಾಡಲಿಲ್ಲ. ‘ಅಪ್ಪಾ, ನೀವು ಏನರೆ ಅಂದೀರೇನು ಅವರಿಗೆ?’ ಎಂದಳು.

ಶೈಲೇಶಣ್ಣನವರು ಫೋನ್ ಮಾಡಿದ್ದರು. ಸಿಟ್ಟಿನಲ್ಲಿರಲಿಲ್ಲ. ‘ಕಾಕಾ, ನಿಮಗೂ ಬೇಸರ ಬ್ಯಾಡ, ನಮಗೂ ಬ್ಯಾಡ. ಎಂಟು ಹೆಸರಿನ ಕೆಳಗ ಒಂದು ಸಾಲು ಜಾಗ ಅದ. ನಿಮ್ಮ ಸಟವಾಜಿ ಅಜ್ಜಂದು ಹಾಕೋಣ. ಅವರೂ ಆ ಕಾಲದಾಗ ಜನರನ್ನ ಉಳಿಸಾಕ ಹೋದವರೇ ಅಂತಲ್ಲ?’

ಅವರು ಹೀಗೆ ಹೇಳಬೇಕಾಗಿರಲಿಲ್ಲ, ಹೇಳಿದ್ದು ದೊಡ್ಡತನ. ಅಜ್ಜ ಆ ವರ್ಷ ಸತ್ತವನಲ್ಲ, ಆಗ ಅವನಿಗೆ 46; ಆದರೂ ಉಳಿಸಲು ಹೋದದ್ದು ನಿಜವೇ. ನಂತರದ ಘಟನೆ ಆಕಸ್ಮಿಕ.

ಸೆಪ್ಟೆಂಬರ್ 6, ಶನಿವಾರ

ಬಸವಕಲ್ಯಾಣ. ಕಲ್ಲು ಕೆತ್ತುವವರ ಶೆಡ್ಡಿನಲ್ಲಿ ಪ್ರೂಫ್ ನೋಡಿದೆ. ಸಹಿ ಇಲ್ಲದೆ ಅವರು ಮಷೀನು ಹಚ್ಚುವುದಿಲ್ಲ. ಒಂಬತ್ತು ಸಾಲು. ನಾಲ್ಕನೆಯ ಸಾಲಿನಲ್ಲಿ ವಯಸ್ಸು ತಪ್ಪಿತ್ತು, 26 ಅಲ್ಲ 28. ತಿದ್ದಿದೆ. ಉಳಿದಂತೆ ದೋಷವಿಲ್ಲ. ಸಹಿ ಹಾಕಿ ತಾರೀಖು ಬರೆದೆ.

ಒಂದೂವರೆ ಗಂಟೆಯ ಬಸ್ಸು ಸಿಕ್ಕಿತು.

ಸೆಪ್ಟೆಂಬರ್ 10, ಬುಧವಾರ

ಕಾಂಟ್ರಾಕ್ಟ್ ಪತ್ರ ಬಂತು. ಹನ್ನೊಂದು ತಿಂಗಳಿಗೆ.

ನಿಂತ ಮನೆಗಳಲ್ಲಿ ಮೂವತ್ತು ಮತ್ತೆ ಪೇಪರ್ ಹಾಕಲು ಹೇಳಿವೆ.

ಸೆಪ್ಟೆಂಬರ್ 12, ಶುಕ್ರವಾರ

ಅವ್ವ ಕೇಳಿದಳು. ಆಗಿದೆ ಎಂದೆ. ಸಂಬಂಧಪಟ್ಟ ಹಿರಿಯರಿಗೂ ಫೋನಿನಲ್ಲಿ ಹಾಗೇ ತಿಳಿಸಲಾಯಿತು.

ಸೆಪ್ಟೆಂಬರ್ 17, ಬುಧವಾರ

ಅನಾವರಣ ನಡೆಯಿತು. ಸುಮಾರು ಆರು ನೂರು ಜನ. ಭಾಷಣಗಳಾದವು. ನನಗೂ ಶಾಲು ಹೊದಿಸಿದರು. ಕಾರ್ಯಕ್ರಮ ಶಾಂತಿಯುತವಾಗಿತ್ತು.

ಸೆಪ್ಟೆಂಬರ್ 18, ಗುರುವಾರ

ನಿನ್ನೆಯ ಗದ್ದಲದಲ್ಲಿ ಬೇಡವೆಂದು ಅವ್ವ ಇಂದು ಹೊರಟಳು. ಇಷ್ಟು ದೂರ ಬೇಡ, ಮಳೆ, ರಸ್ತೆ ಕೆಟ್ಟಿದೆ ಎಂದೆ. ಕೇಳಲಿಲ್ಲ. ಬಾಡಿಗೆ ಆಟೊ ಮಾಡಿಕೊಂಡು ಹನ್ನೊಂದೂ ಕಾಲಿಗೆ ಊರು ಮುಟ್ಟಿದೆವು. ಚಾವಡಿಯ ಮುಂದೆ ಇನ್ನೊಂದು ಆಟೊ ನಿಂತಿತ್ತು. ಖಮರುದ್ದೀನ್ ಚಾಚಾ ಕಲ್ಲಿನ ಎದುರು ನಿಂತಿದ್ದರು, ಮೈಮೇಲೆ ಹೊಸ ಶೇರ್ವಾನಿ. ಅರ್ಷಿಯಾ ಆಟೊದವನಿಗೆ ಕೊಡಲು ಚಿಲ್ಲರೆ ಹುಡುಕುತ್ತಿದ್ದಳು. ಕಲ್ಲಿನ ಹತ್ತಿರ ಇನ್ನೂ ಬಂದಿರಲಿಲ್ಲ.

‘ಗಿರಿಜಾಬಾಯಿ’ ಎಂದರು ಚಾಚಾ.

‘ಖಮರೂ’ ಎಂದಳು ಅವ್ವ. ಅರವತ್ತು ವರ್ಷದಿಂದ ಒಂದೇ ಊರಿನಲ್ಲಿದ್ದೂ ಇವರು ಮಾತಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

‘ಬಾ ಬೇಟಾ, ನೀನೇ ಓದು. ನೀ ಬರದದ್ದು’ ಎಂದರು ಚಾಚಾ.

ಓದಿದೆ. ಎಂಟು ಹೆಸರು ಕಲ್ಲು ನೋಡಿ ಓದಿದೆ. ಆಮೇಲೂ ನಿಲ್ಲಿಸಲಿಲ್ಲ. ವಜೀರಬಿ, 30. ಮೀನಾಜ್, 9. ಬಂದೇನವಾಜ್, 5. ರಾಬಿಯಾ, 2. ಧ್ವನಿ ನಡುಗಲಿಲ್ಲ.

ಚಾಚಾ ಎರಡೂ ಕೈ ಎತ್ತಿ ಮುಖಕ್ಕೆ ಒರೆಸಿಕೊಂಡರು.

‘ಎಲ್ಲಿ ಅದೋ ಆಕಿ ಹೆಸರು? ನನ್ನ ಬಟ್ಟು ಹಿಡದು ಇಡು’ ಎಂದಳು ಅವ್ವ.

ಅವಳ ಬೆರಳು ಹಿಡಿದು ಒಂಬತ್ತನೇ ಸಾಲಿನ ಮೇಲೆ ಇಟ್ಟೆ. ಇಡಲು ಬೇರೆ ಸಾಲು ಇರಲಿಲ್ಲ. ಅವಳು ಒಂದೊಂದೇ ಅಕ್ಷರ ಸವರಿದಳು, ಎಡದಿಂದ ಬಲಕ್ಕೆ, ಮತ್ತೆ ಎಡದಿಂದ. ‘ವಜೀರಬೀ, ನಾ ಸಣ್ಣಾಕಿ ಇದ್ದೆನವಾ. ನಮ್ಮಪ್ಪ ಕುಂದ್ರು ಅಂದ. ನಾ ಕುಂತೆ.’

ಚಾಚಾಗೆ ಆ ಮಾತಿನ ಅರ್ಥವಾಗಲಿಲ್ಲ. ‘ಅಳಬ್ಯಾಡ ಗಿರಿಜಾಬಾಯಿ, ನಿಮ್ಮಪ್ಪ ಫರಿಶ್ತಾ ಇದ್ದ’ ಎಂದು ಅವರೂ ಅದೇ ಸಾಲಿನ ಮೇಲೆ ಕೈ ಇಟ್ಟರು.

ಅಷ್ಟರಲ್ಲಿ ಅರ್ಷಿಯಾ ಬಂದಳು. ಮೇಲಿನಿಂದ ಕೆಳಗೆ ಓದಿದಳು. ಅವಳ ಕಣ್ಣು ಕೊನೆಯ ಸಾಲಿಗೆ ಬಂದು ನಿಂತದ್ದು ನನಗೆ ಕಂಡಿತು. ಅಲ್ಲಿ ಇರುವುದು: ಸಟವಾಜಿ, 46.

‘ಇದೇ ಏನು ಬೇಟಿ, ಆಪಾಂದು?’ ಎಂದು ಚಾಚಾ ಅವಳನ್ನು ಕೇಳಿದರು.

ಅವಳು ನನ್ನನ್ನು ನೋಡಿದಳು. ಬೈಯಲಿ ಎಂದು ಕಾದೆ.

‘ಹಾಂ ದಾದಾ. ಇದೇ’ ಎಂದಳು. ಆಮೇಲೆ ನನ್ನ ಪಕ್ಕ ಬಂದು ಮೆಲ್ಲಗೆ, ‘ಕಾಕಾ, ಇನ್ನ ನಮ್ಮ ಅಂಗಡಿಗೆ ಬರಬ್ಯಾಡ್ರಿ’ ಎಂದಳು.

ಕಲ್ಲಿನ ಮೇಲಿರುವುದು ಒಂಬತ್ತು ಹೆಸರು. ನಾನು ಓದಿದ್ದು ಹನ್ನೆರಡು.

ಹೊರಡೋಣ ಎಂದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಬೆರಳು ಮಡಚಿ ಆ ಸಾಲಿನ ಮೇಲೆ ಎರಡು ಸಲ ಬಡಿದಳು. ಕಲ್ಲಿಗೆ ಕಿವಿ ಹಚ್ಚಿ ಕಾಯತೊಡಗಿದಳು. ಅವಳ ಜೊತೆ ನಾವೂ ನಿಂತೆವು. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ.